ಅಮ್ಮನಿಗೆ ಮನೆಯಲ್ಲಿ ತೊಡಲು ಎಂಥ ಉಡುಪು? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ನಮ್ಮ ಮನೆಯ ಪಡಸಾಲೆಯ ಕಿಟಕಿಯ ಬಳಿ ನನ್ನ ಹೊಲಿಗೆ ಯಂತ್ರವಿದೆ. ಹದಿನಾರು ವರ್ಷಗಳಿಂದ ಓಣಿಯ ಹೆಂಗಸರಿಗೆ ಹೊಲಿದುಕೊಡುತ್ತಿದ್ದೇನೆ. ಮದುವೆಯ ಜಂಪರ್ ಹೊಲಿಸಲು ಬಂದವರು ಕೊರಳಿನ ಆಕಾರ ಆರಿಸಲು ಅರ್ಧ ತಾಸು ಕೂರುತ್ತಾರೆ. ಅದೇ ಹೆಂಗಸರು ದಿನಕ್ಕೆ ಹದಿನಾಲ್ಕು ತಾಸು ಮೈಮೇಲಿರುವ ಬಟ್ಟೆಯ ಬಗ್ಗೆ ಕೇಳುವುದು ಬಾಗಿಲು ದಾಟುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ. ಹಾಗೆ ಹೊಸ್ತಿಲ ಮೇಲೆ ನಿಂತು ಕೇಳಿದ ಪ್ರಶ್ನೆಗಳನ್ನು ಒಟ್ಟುಮಾಡಿ, ಇಲ್ಲಿ ನಿಧಾನವಾಗಿ ಉತ್ತರ ಬರೆದಿದ್ದೇನೆ.

ಮನೆಯಲ್ಲಿ ತೊಡಲು ಹಳೆಯ ಬಟ್ಟೆ ಸಾಲದೇ? ಹೊಸದೇ ಏಕೆ ಬೇಕು?

ಸಾಲದು. ಇದನ್ನು ನಾನು ಕಲಿತದ್ದು ನನ್ನ ಅವ್ವನ ಕಪಾಟಿನ ಮುಂದೆ. ಆರು ವರ್ಷಗಳ ಹಿಂದೆ ಅವಳಿಗೆ ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಗೆ ಬಟ್ಟೆ ತುಂಬಿಕೊಳ್ಳಲು ನಾನು ಊರಿಗೆ ಹೋಗಿ ಕಪಾಟು ತೆರೆದೆ. ಮೇಲಿನ ಎರಡು ಹಲಗೆಗಳ ತುಂಬ ಸೀರೆಗಳು. ನುಸಿಗುಳಿಗೆಯ ವಾಸನೆ, ಮಡಿಕೆಯ ಗೆರೆ ಬಿಡದ ಇಲಕಲ್ ಸೀರೆಗಳು, ಪೆಟ್ಟಿಗೆಯಿಂದ ಹೊರಗೇ ಬಾರದ ರೇಷ್ಮೆ. ಕೆಳಗಿನ ಹಲಗೆಯಲ್ಲಿ ಮೂರು ನೈಟಿ. ಒಂದರ ಬಗಲು ಹರಿದು ಕೈಹೊಲಿಗೆ ಬಿದ್ದಿತ್ತು. ಇನ್ನೊಂದರ ಗುಂಡಿ ಹೋಗಿ ಎದೆಯ ಬಳಿ ಸೇಫ್ಟಿ ಪಿನ್ ಚುಚ್ಚಿತ್ತು, ಪಿನ್ನಿನ ಸುತ್ತ ತುಕ್ಕಿನ ಕಂದು ಕಲೆ. ಮೂರನೆಯದು ನನ್ನದೇ, ಕಾಲೇಜಿನ ದಿನಗಳದ್ದು. ಆಸ್ಪತ್ರೆಗೆ ಒಯ್ಯಲು ತಕ್ಕುದು ಒಂದೂ ಇರಲಿಲ್ಲ. ಅಲ್ಲಿಯವರೆಗೆ ನಾನು ಅವ್ವನಿಗೆ ಹೊಲಿದುಕೊಟ್ಟದ್ದೆಲ್ಲ ಮದುವೆ ಮುಂಜಿವೆಗಳಿಗೆ ತೊಡುವ ಜಂಪರ್‌ಗಳನ್ನೇ.

ತಾಯಿಗೆ ಮನೆಯೇ ದುಡಿಯುವ ಜಾಗ. ಬಗ್ಗಿ ಗುಡಿಸುತ್ತಾಳೆ, ಕುಕ್ಕರುಗಾಲಿನಲ್ಲಿ ಕುಳಿತು ಬಟ್ಟೆ ತಿಕ್ಕುತ್ತಾಳೆ, ಅಟ್ಟದ ಡಬ್ಬಿಗೆ ಕೈ ಚಾಚುತ್ತಾಳೆ, ಒಲೆಯ ಬಿಸಿಗೆ ಬೆವರುತ್ತಾಳೆ. ಇಷ್ಟೆಲ್ಲ ಮಾಡುವ ಮೈಗೆ ಬೇಕಾದದ್ದು ಮನೆಯಲ್ಲಿರುವ ಬಟ್ಟೆಗಳಲ್ಲೆಲ್ಲ ಗಟ್ಟಿಯಾದ ಹೊಲಿಗೆ, ಚೆನ್ನಾಗಿ ಬೆವರು ಹೀರುವ ನೂಲು. ಹೊರಗೆ ತೊಟ್ಟು ಹಳತಾದ ಚೂಡಿದಾರ ಮನೆಯ ಪಾಲಿಗೆ ಬರುವ ಹೊತ್ತಿಗೆ ಅದರ ಅಳತೆ ಹತ್ತು ವರ್ಷದ ಹಿಂದಿನದಾಗಿರುತ್ತದೆ. ಬಗಲು ಬಿಗಿಯುತ್ತದೆ, ಬಾಗಿದರೆ ಬೆನ್ನು ಎಳೆಯುತ್ತದೆ. ಅದನ್ನು ತೊಟ್ಟು ದಿನವಿಡೀ ದುಡಿಯುವವರಿಗೆ ಸಂಜೆ ಭುಜ ನೋಯುವುದರಲ್ಲಿ ಬಟ್ಟೆಯ ಪಾಲೂ ಇದೆ.

ಹಗಲು ಹೊತ್ತು ನೈಟಿ ತೊಡುವುದು ತಪ್ಪೇ? ಅತ್ತೆಯವರು ಆಕ್ಷೇಪಿಸುತ್ತಾರೆ.

ತಪ್ಪಲ್ಲ. ಆದರೆ ಈ ಜಗಳ ನಿಮ್ಮ ಮನೆಯದಷ್ಟೇ ಅಲ್ಲ ಎಂಬುದು ತಿಳಿದಿರಲಿ. 2018ರಲ್ಲಿ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಊರಿನಲ್ಲಿ ಹಿರಿಯರೆಲ್ಲ ಸೇರಿ, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನೈಟಿ ತೊಟ್ಟವರಿಗೆ 2,000 ರೂಪಾಯಿ ದಂಡ ಎಂದು ಸಾರಿದ್ದರು. ಸುದ್ದಿ ಹರಡಿ ಅಧಿಕಾರಿಗಳು ಊರಿಗೆ ಬರಬೇಕಾಯಿತು.

ನೈಟಿಯ ಹೆಸರಿನಲ್ಲಿ ರಾತ್ರಿ ಇದೆ, ಅಷ್ಟೇ. ನಮ್ಮ ಓಣಿಗಳಲ್ಲಿ ಅದು ಎಂದೋ ಹಗಲಿನ ಕೆಲಸದ ಉಡುಪಾಗಿದೆ. ಕಾಲಿಗೆ ಗಾಳಿ ಆಡುತ್ತದೆ, ಸೊಂಟಕ್ಕೆ ಬಿಗಿ ಇಲ್ಲ, ಒಂದೇ ಬಟ್ಟೆ ಒಗೆದರೆ ಸಾಕು. ಇಷ್ಟು ಅನುಕೂಲ ಇರುವುದನ್ನು ಬಿಡು ಎಂದು ಯಾರಿಗೂ ಹೇಳಲಾರೆ. ಹಿರಿಯರ ಆಕ್ಷೇಪ ಕೇಳುತ್ತ ಹೋದರೆ ಅವರ ಬೇಸರ ಹೆಚ್ಚಾಗಿ ಬಟ್ಟೆಯ ತೆಳುವಿನ ಬಗ್ಗೆ, ಜೋತುಬಿದ್ದ ಕೊರಳಿನ ಬಗ್ಗೆ, ಸಿಲಿಂಡರ್ ತಂದವನು ಬೆಲ್ ಒತ್ತಿದಾಗ ಹೆಗಲಿಗೆ ಟವೆಲ್ ಹುಡುಕುತ್ತ ಓಡುವುದರ ಬಗ್ಗೆ. ಆ ಮೂರನ್ನೂ ಹೊಲಿಗೆಯಲ್ಲೇ ಸರಿಪಡಿಸಬಹುದು. ನನ್ನ ಗಿರಾಕಿಯೊಬ್ಬರ ಅತ್ತೆ, ಸೊಸೆಯ ಹೊಸ ನೈಟಿ ನೋಡಿ ಎರಡೇ ವಾರಕ್ಕೆ ತಮಗೂ ಒಂದು ಹೊಲಿಸಿಕೊಂಡರು. ಬಣ್ಣ ಮಾತ್ರ ಗಾಢವಾಗಿರಲಿ ಎಂದರು.

ಹಾಗಾದರೆ ನೈಟಿಯನ್ನು ಅಚ್ಚುಕಟ್ಟಾಗಿ ಹೊಲಿಸುವುದು ಹೇಗೆ?

ಇದೇ ನನಗೆ ಹೆಚ್ಚು ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಭುಜ. ಅಂಗಡಿಯ ನೈಟಿ ಎಲ್ಲರಿಗೂ ಆಗಲಿ ಎಂದು ಭುಜವನ್ನು ಅಗಲ ಕತ್ತರಿಸಿರುತ್ತಾರೆ, ಹೊಲಿಗೆ ತೋಳಿನ ಮೇಲೆ ಇಳಿದಿರುತ್ತದೆ. ತೊಟ್ಟವರು ಯಾರಾದರೂ ಬಳಲಿದಂತೆ ಕಾಣುವುದು ಇದರಿಂದಲೇ. ಭುಜದ ಮೂಳೆ ಮುಗಿಯುವಲ್ಲಿಗೆ ಹೊಲಿಗೆ ಬರುವಂತೆ ಹೇಳಿ. ಮೈ ಎಷ್ಟೇ ಸಡಿಲವಿದ್ದರೂ ಭುಜ ಸರಿಯಾಗಿ ಕೂತರೆ ಉಡುಪು ಅಳತೆಗೆ ಹೊಲಿದದ್ದು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಕೊಂಡು ತಂದ ನೈಟಿಗೂ ತೋಳು ಬಿಚ್ಚಿ ಭುಜ ಒಳಗೆ ತರಬಹುದು, ಅರ್ಧ ತಾಸಿನ ಕೆಲಸ.

ಕೊರಳು ಮುಂದೆ ಐದೂವರೆ ಇಂಚಿಗಿಂತ ಇಳಿಯದಿರಲಿ. ತಾಯಂದಿರು ದಿನವಿಡೀ ಬಾಗುತ್ತಾರೆ. ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು, ಬಕೆಟ್ ಎತ್ತುವಂತೆ ಬಾಗಿ ನೋಡಿ. ಎದೆಯ ಮೇಲಿನ ಪಟ್ಟಿಯ ಒಳಗೆ ಅದೇ ಬಟ್ಟೆಯ ಇನ್ನೊಂದು ಪದರ ಕೊಟ್ಟರೆ ಕೊರಳು ಜೋಲುವುದಿಲ್ಲ, ಒಳಉಡುಪಿನ ಗೆರೆ ಕಾಣುವುದಿಲ್ಲ, ಟವೆಲ್ ಹುಡುಕುವ ಕೆಲಸವೂ ಇಲ್ಲ. ನಾನು ಈಗ ಒಳಪದರ ಹಾಕದೆ ಹೊಲಿಯುವುದನ್ನೇ ಬಿಟ್ಟಿದ್ದೇನೆ. ಅರ್ಧ ಮೀಟರ್ ಬಟ್ಟೆ ಹೆಚ್ಚು ಬೇಕಾಗುತ್ತದೆ, ಆಗಲಿ.

ತೋಳು ಮೊಣಕೈಗಿಂತ ಎರಡು ಇಂಚು ಮೇಲೆ ನಿಲ್ಲಬೇಕು. ಪಾತ್ರೆ ತೊಳೆಯುವಾಗ ಒದ್ದೆಯಾಗುವುದಿಲ್ಲ. ಉದ್ದ, ನೆಲದಿಂದ ಮೂರು ಇಂಚು ಮೇಲೆ. ಒದ್ದೆ ಬಚ್ಚಲಲ್ಲಿ, ಮೆಟ್ಟಿಲಿನಲ್ಲಿ ಅಂಚು ತುಳಿದು ಜಾರುವುದು ಹಾಗಾಗಿ ತಪ್ಪುತ್ತದೆ. ಆದರೆ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 54 ಇಂಚಿನ ಉದ್ದದಲ್ಲಿ ಅದು ಸುಮಾರು ಎರಡೂಮುಕ್ಕಾಲು ಇಂಚಿನವರೆಗೂ ಆಗಬಹುದು. ಆದ್ದರಿಂದ ಬಟ್ಟೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕೊಡಿ. ನೆನೆಸದ ಬಟ್ಟೆ ತಂದರೆ ನಾನು ಕತ್ತರಿ ಮುಟ್ಟುವುದಿಲ್ಲ.

ಇನ್ನು ಜೇಬು. ಬಲಗಡೆಯ ಬದಿಹೊಲಿಗೆಯಲ್ಲಿ, ಕೈ ಸಹಜವಾಗಿ ಇಳಿಯುವಲ್ಲಿ, ಏಳು ಇಂಚು ಆಳದ ಒಂದು ಜೇಬು. ಮೊದಲ ಸಲ ಜೇಬಿಟ್ಟು ಕೊಟ್ಟಾಗ ಪಕ್ಕದ ಮನೆಯ ಅಕ್ಕ, 'ನೈಟಿಗೆ ಜೇಬೇ?' ಎಂದು ನಕ್ಕಿದ್ದರು. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದು ಬಚ್ಚಲಲ್ಲಿ ಬಿದ್ದು ಒಡೆದ ಮೇಲೆ, ಇದ್ದ ನಾಲ್ಕೂ ನೈಟಿಗಳನ್ನು ತಂದು ಜೇಬು ಹಾಕಿಸಿದರು.

ಯಾವ ಬಟ್ಟೆ ಆರಿಸಬೇಕು? ಅಂಗಡಿಯಲ್ಲಿ ಎಲ್ಲವನ್ನೂ 'ಕಾಟನ್' ಎನ್ನುತ್ತಾರೆ.

ಹತ್ತಿ ನೂಲು ಸಾಮಾನ್ಯ ಗಾಳಿಯಲ್ಲಿ ತನ್ನ ತೂಕದ ಸುಮಾರು 8.5 ಶೇಕಡಾ ತೇವವನ್ನು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು 0.4 ಶೇಕಡಾ ಮಾತ್ರ. ಬೆವರು ಮೈಮೇಲೇ ನಿಂತು ಅಂಟುವುದಕ್ಕೆ ಇದೇ ಕಾರಣ. ಮೈಯ ಎಣ್ಣೆಯಂಶವನ್ನು ಅದು ಬಿಡದೆ ಹಿಡಿಯುವುದರಿಂದ ಒಗೆದರೂ ಬಗಲಿನ ವಾಸನೆ ಹೋಗುವುದಿಲ್ಲ. ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿಗೂ ಮಂಗಳೂರು, ಕಾರವಾರದ ಸೆಖೆಗೂ ಪಾಲಿಯೆಸ್ಟರ್ ಆಗದು. ಹತ್ತಿಯಲ್ಲೇ ಮಲ್ಮಲ್, ವಾಯಿಲ್ ತೆಳು, ಒಳಪದರ ಬೇಕೇ ಬೇಕು. ದಿನಬಳಕೆಗೆ ನನ್ನ ಆಯ್ಕೆ ಕೇಂಬ್ರಿಕ್. ತುಸು ಗಟ್ಟಿ, ಒಗೆದಷ್ಟೂ ಮೆದು.

ರೇಯಾನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮೈಮೇಲೆ ಚೆನ್ನಾಗಿ ಇಳಿಯುತ್ತದೆ, ಬೆವರನ್ನೂ ಹೀರುತ್ತದೆ, ನೋಡಲು ಅಂದ. ಆದರೆ ನೆಂದಾಗ ಅದರ ಬಲ ಬಹಳ ಇಳಿಯುತ್ತದೆ, ಅರ್ಧದಷ್ಟೂ ಆಗಬಹುದು. ಹತ್ತಿ ಹಾಗಲ್ಲ, ನೆಂದಾಗ ಇನ್ನೂ ಗಟ್ಟಿ. ಕಲ್ಲಿಗೆ ಬಡಿದು, ಹಿಂಡಿ ಒಗೆಯುವ ಮನೆಯಲ್ಲಿ ರೇಯಾನ್ ಬಾಳುವುದಿಲ್ಲ. ಸಂಜೆ ಯಾರಾದರೂ ಬರುತ್ತಾರೆ ಎನ್ನುವಾಗ ತೊಡಲು ಒಂದು ಕುರ್ತಾ ಇರಲಿ, ಬಚ್ಚಲಿನ ಕೆಲಸಕ್ಕೆ ಬೇಡ.

ಅಂಗಡಿಯವರು ಹೇಳಿದ್ದು ನಿಜವೇ ಎಂದು ತಿಳಿಯಲು ಹಳೆಯ ಉಪಾಯವೇ ಸಾಕು. ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಹಿಟ್ಟಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಅದನ್ನು ಈ ಪರೀಕ್ಷೆ ಬೇರ್ಪಡಿಸುವುದಿಲ್ಲ. ಅದನ್ನು ಜಾರುವ ತಂಪಿನಿಂದ ಕೈಯೇ ಗುರುತಿಸಬೇಕು.

ಒಲೆಯ ಮುಂದೆ ಯಾವುದು ಕ್ಷೇಮ?

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನೈಲಾನ್, ಪಾಲಿಯೆಸ್ಟರ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿಯೂ ಹೊತ್ತಿ ಉರಿಯುತ್ತದೆ, ಆದರೆ ಅಂಟುವುದಿಲ್ಲ. ಹಾಗೆಂದು ಹತ್ತಿ ತೊಟ್ಟವರು ಮೈಮರೆಯುವಂತಿಲ್ಲ. ಜೋಲುವ ತೋಳು, ಗಾಳಿಗೆ ಹಾರುವ ದುಪಟ್ಟಾ, ಹಿಂದಿನ ಬರ್ನರ್ ಕಡೆಗೆ ಬಾಗುವಾಗ ಮುಂದೆ ಇಳಿಯುವ ಸೆರಗು, ಇವೆಲ್ಲ ಅಪಾಯವೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ನಮ್ಮ ಅಜ್ಜಿಯರ ಅಭ್ಯಾಸ ಬಹಳ ವಿವೇಕದ್ದು. ಗಟ್ಟಿ ಹತ್ತಿಯ ಏಪ್ರನ್ ಒಂದನ್ನು ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿ. ಅರಿಶಿನದ ಕಲೆ, ಒಗ್ಗರಣೆಯ ಸಿಡಿತ ಅದರ ಮೇಲೆ ಬೀಳಲಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನೆಲಕ್ಕೆ ಮಲಗಿ ಉರುಳಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ನಲ್ಲಿ ನೀರು ಹರಿಸಿ. ಅಂಟಿದ ಬಟ್ಟೆಯನ್ನು ಕೀಳಬೇಡಿ, ಹಾಗೆಯೇ ಆಸ್ಪತ್ರೆಗೆ ಹೋಗಿ.

ನಮ್ಮ ತಾಯಿ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಅವರಿಗೆ ಹಗುರಾದದ್ದು ಯಾವುದು?

ಅವರನ್ನು ಬದಲಿಸಲು ಹೋಗಬೇಡಿ. ಐವತ್ತು ವರ್ಷ ಸೀರೆ ಉಟ್ಟವರಿಗೆ ಸೀರೆಯೇ ನಿರಾಳ. ನೈಟಿ ತೊಟ್ಟರೆ ಏನೋ ಕಳೆದುಕೊಂಡಂತೆ ಹೆಗಲು ಮುಟ್ಟಿಕೊಳ್ಳುತ್ತಾರೆ. ಸೀರೆಯ ಆಯ್ಕೆಯನ್ನು ಮಾತ್ರ ಬದಲಿಸಿ.

ಮನೆಯಲ್ಲಿ ತೊಂದರೆ ಕೊಡುವುದು ಪಾಲಿಯೆಸ್ಟರ್ ಸೀರೆಗಳು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ ಎಂದು ಹಿರಿಯರು ಅದನ್ನೇ ಉಡುತ್ತಾರೆ. ಆದರೆ ಅದು ಜಾರುತ್ತದೆ, ಸೆಖೆ ಹಿಡಿಯುತ್ತದೆ. ಅದರ ಬದಲು ಮೆದುವಾದ ಕೈಮಗ್ಗದ ಹತ್ತಿ ಸೀರೆ ನೋಡಿ. ಕರಾವಳಿಯವರಿಗೆ ಉಡುಪಿ ಸೀರೆ ಗೊತ್ತೇ ಇದೆ. ನವಿರು ನೂಲಿನ, ಹಗುರಾದ, ಸಣ್ಣ ಅಂಚಿನ ಸೀರೆ. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನಮ್ಮ ಕಡೆಯವರಿಗೆ ಗಜೇಂದ್ರಗಡದ ಪಟ್ಟೆದ ಅಂಚು ಸೀರೆ ಇದೆ. ಚೌಕಡಿ ಮೈ, ಎರಡೂ ಬದಿ ಉಡಬಹುದು, ದುಡಿಯುವವರ ಸೀರೆ ಎಂದೇ ಹುಟ್ಟಿದ್ದು. ಮೊದಮೊದಲು ದಪ್ಪ ಎನಿಸುತ್ತದೆ, ಹತ್ತು ಒಗೆತಕ್ಕೆ ಹಳೆಯ ಕೌದಿಯಂತೆ ಮೆದುವಾಗುತ್ತದೆ.

ಇಲಕಲ್ ಸೀರೆಯ ಬಗ್ಗೆ ಒಂದು ಮಾತು. ಅದರ ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆ) ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಮಗ್ಗದಲ್ಲಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ದಿನವೂ ತಿಕ್ಕಿ ಒಗೆದರೆ ಮೊದಲು ಸೋಲುವುದು ಆ ಸೇರಿಕೆ, ಆಮೇಲೆ ಸೆರಗು. ಸೆರಗು ಹೋಗಿ ಮೈ ಗಟ್ಟಿ ಉಳಿದ ಇಲಕಲ್ ನಿಮ್ಮಲ್ಲೂ ಇದ್ದರೆ ತನ್ನಿ. ಅದರ ಮೈಯಿಂದ ಒಳಪದರ ಸಹಿತ ಒಂದು ನೈಟಿ ಏಳುತ್ತದೆ. ಆ ಅಂಚನ್ನೇ ಕೆಳಗೆ ಬರುವಂತೆ ಕತ್ತರಿಸಿದರೆ ಅದರ ಚೆಂದವೇ ಬೇರೆ. ಅಜ್ಜಿಯರ ಹದಿನೆಂಟು ಮೊಳದ ಸೀರೆಯಾದರೆ ಎರಡಾದರೂ ಆಗುತ್ತವೆ.

ಲಂಗದ ಲಾಡಿಯನ್ನು ನೋಡಲೇಬೇಕು. ಸೊಂಟದ ಒಂದೇ ಜಾಗದಲ್ಲಿ ದಾರದಂಥ ಲಾಡಿಯನ್ನು ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗುತ್ತದೆ, ಸುಲಿಯುತ್ತದೆ, ಹುಣ್ಣಾಗುತ್ತದೆ. ಇಂಥ ವಾಸಿಯಾಗದ ಹುಣ್ಣು ಕ್ಯಾನ್ಸರ್ ಆಗಿ ತಿರುಗಿದ ಇಬ್ಬರು ಮಹಿಳೆಯರ ಬಗ್ಗೆ ನಮ್ಮ ದೇಶದ ವೈದ್ಯರು 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಪರೂಪದ ಸಂಗತಿ, ಹೆದರಬೇಕಿಲ್ಲ. ಆದರೆ ಅಮ್ಮನ ಸೊಂಟದಲ್ಲಿ ಎಷ್ಟು ದಿನವಾದರೂ ಮಾಯದ ಗಾಯವಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಲಂಗಕ್ಕೆ ಎರಡು ಇಂಚು ಅಗಲದ ಮೆದು ಪಟ್ಟಿ ಹಾಕಿಸಿ, ಮನೆಯಲ್ಲಿ ಸಡಿಲವಾಗಿ ಕಟ್ಟಲು ಹೇಳಿ.

ಬಾಣಂತಿಗೆ, ಹಾಲೂಡಿಸುವ ತಾಯಿಗೆ ಏನು ಹೊಲಿಸಬೇಕು?

ಮುಂದೆ ತೆರೆಯುವಂಥದ್ದು. ಅಂಗಡಿಯ ಹಾಲೂಡಿಸುವ ನೈಟಿಗಳಲ್ಲಿ ಎದೆಯ ಎರಡೂ ಬದಿ ಜಿಪ್ ಇರುತ್ತದೆ. ಲೋಹದ ಜಿಪ್ ಆದರೆ ಮಗುವಿನ ಕೆನ್ನೆಗೆ ತಾಗುತ್ತದೆ, ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಹೊಲಿಯುವಾಗ ಎದೆಯ ಮಡಿಕೆಯ ಕೆಳಗೆ ಮರೆಯಾಗುವಂತೆ ತೆರಪು ಬಿಟ್ಟು, ಒಂದು ಕೈಯಲ್ಲಿ ಒತ್ತುವ ಟಿಚ್ ಬಟನ್ ಇಡುತ್ತೇನೆ. ಇನ್ನೊಂದು ಕೈಯಲ್ಲಿ ಮಗು ಇರುತ್ತದೆಯಲ್ಲ.

ಸಿಜೇರಿಯನ್ ಆದವರಿಗೆ ಕೆಲವು ತಿಂಗಳು ಎಲಾಸ್ಟಿಕ್ ಗಾಯದ ಮೇಲೆ ಕೂರಬಾರದು. ಪ್ಯಾಂಟ್ ತೊಡುವವರು ಹೊಕ್ಕಳಿನ ಮೇಲೆ ಬರುವ ಸಡಿಲ ಪಟ್ಟಿಯದನ್ನು ತೊಡಲಿ. ಹಾಲು ಸೋರಿದ ಕಲೆ ಕಾಣದಿರಲು ಸಣ್ಣ ಹೂವಿನ ಅಚ್ಚು ಒಳ್ಳೆಯದು, ಒಂದೇ ಬಣ್ಣದ ಬಟ್ಟೆಯಲ್ಲಿ ಹನಿ ಬಿದ್ದರೂ ತೋರುತ್ತದೆ. ಮಣಿ, ಜರಿ, ಒರಟು ಲೇಸು ಬೇಡವೇ ಬೇಡ.

ತೊಟ್ಟಿಲು ನೋಡಲು ಜನ ಬರುತ್ತಲೇ ಇರುತ್ತಾರೆ. ಆ ಹುಡುಗಿಗೆ ಪ್ರತಿಸಲ ಎದ್ದು ಬಟ್ಟೆ ಬದಲಿಸುವ ಶಕ್ತಿ ಇರುವುದಿಲ್ಲ. ಅದೇ ಬಟ್ಟೆಯ ಒಂದು ತೋಳಿಲ್ಲದ ಉದ್ದ ಕೋಟನ್ನು ಮೇಲೆ ಹಾಕಿಕೊಳ್ಳಲು ಹೊಲಿದುಕೊಡುತ್ತೇನೆ. ಹಾಸಿಗೆಯ ತಲೆದೆಸೆಯಲ್ಲಿದ್ದರೆ ಕೈಚಾಚಿ ತೊಟ್ಟುಕೊಂಡರಾಯಿತು. ಬಾಣಂತಿಯ ಉಡುಪಿನ ಬಗ್ಗೆ ಮನೆಯವರು ಖರ್ಚಿಗೆ ಹಿಂದೆಮುಂದೆ ನೋಡಿದಾಗ ನನಗೆ ಸಂಕಟವಾಗುತ್ತದೆ. ನಾಮಕರಣಕ್ಕೆ ಜರಿಸೀರೆ ತರುತ್ತಾರೆ, ಅದಕ್ಕೂ ಮುಂಚಿನ ರಾತ್ರಿಗಳಿಗೆ ಎರಡು ಮೆದು ನೈಟಿ ತರುವುದಿಲ್ಲ.

ವಯಸ್ಸಾದ ತಾಯಿಗೆ ಕೈ ಎತ್ತಲು ಆಗುವುದಿಲ್ಲ.

ಭುಜ ಹಿಡಿದವರಿಗೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ತಲೆಯ ಮೇಲಿಂದ ತೊಡುವ ಉಡುಪೇ ಶಿಕ್ಷೆ. ಕೊರಳಿನಿಂದ ಪಾದದವರೆಗೆ ಮುಂದೆ ತೆರೆಯುವ ನಿಲುವಂಗಿ ಹೊಲಿಸಿ. ಗುಂಡಿ ದೊಡ್ಡದಿರಲಿ, ಕಾಜಾ ಅಡ್ಡಕ್ಕಿರಲಿ, ಬೆರಳು ಬಾಗದವರಿಗೆ ವೆಲ್ಕ್ರೋ ಆದೀತು. ತೊಡಿಸುವಾಗ ನೋವಿರುವ ತೋಳನ್ನು ಮೊದಲು ತೂರಿಸಿ, ಬಿಚ್ಚುವಾಗ ಕೊನೆಗೆ ತೆಗೆಯಿರಿ. ಈ ಒಂದು ಕ್ರಮ ಗೊತ್ತಿಲ್ಲದೆ ಎಷ್ಟೋ ತಾಯಂದಿರು ದಿನಕ್ಕೆರಡು ಸಲ ನರಳುತ್ತಾರೆ. ಬಗಲಿನ ಕೆಳಗೆ ಒಂದು ಚೌಕದ ತುಂಡು ಸೇರಿಸಿ ಹೊಲಿದರೆ ತೋಳು ಆಡಿಸಲು ಇನ್ನಷ್ಟು ಜಾಗ ಸಿಗುತ್ತದೆ.

ನಲವತ್ತೆಂಟಾಯಿತು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುತ್ತದೆ.

ಮುಟ್ಟು ನಿಲ್ಲುವ ಕಾಲದಲ್ಲಿ ಇದು ಸಹಜ. ತೆಳು ಹತ್ತಿಯ ಎರಡು ಪದರ ತೊಡಿ, ಮೇಲಿನದನ್ನು ತಟ್ಟನೆ ತೆಗೆಯುವಂತಿರಲಿ. ಕೊರಳಿನ ಸುತ್ತ ಕಾಲರ್ ಬೇಡ. ರಾತ್ರಿ ಬದಲಿಸಲು ಒಂದು ಒಣ ನೈಟಿ ಮಂಚದ ಪಕ್ಕದಲ್ಲೇ ಇರಲಿ.

ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತೇನೆ. ವಿಡಿಯೋ ಸಭೆಗೂ ಅಡುಗೆಗೂ ಒಂದೇ ಉಡುಪು ಸಾಧ್ಯವೇ?

ಸಾಧ್ಯ. ಮೊಣಕಾಲುದ್ದದ ಹತ್ತಿ ಕುರ್ತಾ, ಸಣ್ಣ ನಿಲುಕಾಲರ್, ಮುಕ್ಕಾಲು ತೋಳು, ಕೆಳಗೆ ಅಗಲ ಎಲಾಸ್ಟಿಕ್‌ನ ಸಡಿಲ ಪ್ಯಾಂಟ್. ಬಣ್ಣ ನೀಲಿಯೋ, ಹಸಿರೋ, ಇಟ್ಟಿಗೆ ಕೆಂಪೋ ಆಗಿರಲಿ. ತೀರ ಸಣ್ಣ ಗೆರೆ, ಚೌಕಡಿ ಕ್ಯಾಮೆರಾದಲ್ಲಿ ಮಿಣುಗುತ್ತದೆ.

ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಹತ್ತಿ ಹೇಗೆ ಸಾಧ್ಯ?

ಮಲೆನಾಡಿನವರ ಕಷ್ಟ ನನಗೆ ಗೊತ್ತು, ಜುಲೈನಲ್ಲಿ ಧಾರವಾಡದ ಜಿಟಿಜಿಟಿಯೂ ಕಡಿಮೆಯದಲ್ಲ. ಆ ಎರಡು ಮೂರು ತಿಂಗಳು ಉದ್ದ ನೈಟಿಗಿಂತ ಕುರ್ತಾ-ಪ್ಯಾಂಟ್ ಅನುಕೂಲ. ತುಂಡುಗಳು ಚಿಕ್ಕವು, ಒಳಗೆ ದಾರ ಕಟ್ಟಿ ಹರಡಬಹುದು. ಒಳಪದರದ ಉಡುಪನ್ನು ತಿರುವಿ ಒಣಗಿಸಿ. ಒದ್ದೆ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಆಮೇಲೆ ಫ್ಯಾನಿನ ಕೆಳಗೆ ಹಾಕಿ. ಅರೆಬರೆ ಒಣಗಿದ್ದನ್ನು ತೊಟ್ಟರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಬರಬಹುದು. ಇನ್ನೆರಡು ಜೊತೆ ಹೆಚ್ಚು ಇಟ್ಟುಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ.

ಎಷ್ಟು ಜೊತೆ ಬೇಕು? ಖರ್ಚು ಹೆಚ್ಚಾಗುವುದಿಲ್ಲವೇ?

ಐದು ಸಾಕು, ಮಳೆಗಾಲಕ್ಕೆ ಏಳು. ಲೆಕ್ಕ ಹಾಕಿ ನೋಡಿ. ಬಟ್ಟೆ, ಹೊಲಿಗೆ ಎಲ್ಲ ಸೇರಿ 800 ರೂಪಾಯಿಯ ನೈಟಿಯೊಂದನ್ನು ವಾರಕ್ಕೆರಡು ಸಲ ತೊಟ್ಟರೆ ವರ್ಷಕ್ಕೆ ನೂರು ದಿನ, ದಿನಕ್ಕೆ ಎಂಟು ರೂಪಾಯಿ. ಎರಡು ವರ್ಷ ಬಾಳಿದರೆ ನಾಲ್ಕು. 6,000 ರೂಪಾಯಿಯ ಸೀರೆಯನ್ನು ಮೂರು ಮದುವೆಗೆ ಉಟ್ಟು ಮಡಚಿಟ್ಟರೆ ಒಂದೊಂದು ಸಲಕ್ಕೂ ಎರಡು ಸಾವಿರ. ಸೀರೆ ಬೇಡ ಎನ್ನುತ್ತಿಲ್ಲ, ನನಗೂ ಸೀರೆ ಎಂದರೆ ಪ್ರಾಣ. ದೀಪಾವಳಿಗೆ ಅಮ್ಮನಿಗೆ ತೆಗೆದಿಟ್ಟ ಹಣದಲ್ಲಿ ಅರ್ಧ ಭಾಗ ಅವರು ದಿನವೂ ತೊಡುವುದಕ್ಕೆ ಹೋಗಲಿ ಎನ್ನುತ್ತೇನೆ.

ಒಳ್ಳೆಯ ಕೈಮಗ್ಗದ ಬಟ್ಟೆ ಎಲ್ಲಿ ಸಿಗುತ್ತದೆ?

ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳಿವೆ. ಸಾಗರದ ಹತ್ತಿರ ಹೆಗ್ಗೋಡು-ಭೀಮನಕೋಣೆಯ 'ಚರಕ' ಮಹಿಳಾ ಸಹಕಾರ ಸಂಘದವರು ಸಹಜ ಬಣ್ಣ ಹಾಕಿದ ಹತ್ತಿಯ ಉಡುಪು ಮಾಡುತ್ತಾರೆ. ಅಡಿಕೆಯ ಚೊಗರಿನ ಕಂದುಬಣ್ಣ ಕಣ್ಣಿಗೆ ತಂಪು. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯ ಆಸುಪಾಸಿನಲ್ಲಿ ರಿಯಾಯಿತಿ ಇರುತ್ತದೆ. ಕೊಳ್ಳುವಾಗ, ಕೈಮಗ್ಗದ್ದೇ ಎಂದು ತಿಳಿಸುವ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ಇದೆಯೇ ನೋಡಿ. ನೈಟಿಗೆ ಒಳಪದರವೂ ಸೇರಿ ಮೂರೂವರೆ ಮೀಟರ್, ಕುರ್ತಾಗೆ ಎರಡೂವರೆ ಮೀಟರ್ ಬಟ್ಟೆ ಸಾಕಾಗುತ್ತದೆ. ಅಗಲ ಕಡಿಮೆ ಇದ್ದರೆ ಅರ್ಧ ಮೀಟರ್ ಹೆಚ್ಚು ಕೊಳ್ಳಿ.

ಅಮ್ಮ ಅಮೆರಿಕಕ್ಕೆ, ತಂಗಿಯ ಬಾಣಂತನಕ್ಕೆ ಹೊರಟಿದ್ದಾರೆ. ಅಲ್ಲಿ ಚಳಿಗಾಲ.

ಮನೆಯೊಳಗೆ ಹೀಟರ್ ಇರುತ್ತದೆ, ಹಾಗಾಗಿ ದಪ್ಪ ಉಣ್ಣೆಯ ಉಡುಪು ಒಳಗೆ ತೊಟ್ಟರೆ ಬೆವರುತ್ತಾರೆ. ಹತ್ತಿ ನೈಟಿಯ ಒಳಗೆ ತೆಳು ಥರ್ಮಲ್, ಮೇಲೆ ಮುಂದೆ ತೆರೆಯುವ ಸ್ವೆಟರ್, ಕಾಲಿಗೆ ಜಾರದ ಅಡಿಯಿರುವ ಕಾಲುಚೀಲ. ಅಲ್ಲಿ ನುಣುಪು ಮರದ ನೆಲದ ಮನೆಗಳೂ ಬಹಳ. ಸೀರೆ ಉಡುವವರಾದರೆ ಲಂಗದ ಬದಲು ಥರ್ಮಲ್ ಪ್ಯಾಂಟಿಗೇ ಸೀರೆ ಸಿಕ್ಕಿಸಿಕೊಳ್ಳಬಹುದು, ನಮ್ಮ ಓಣಿಯ ಇಬ್ಬರು ಹಾಗೆಯೇ ಮಾಡಿ ಬಂದರು.

ಬಣ್ಣ ಹೋಗದಂತೆ ಒಗೆಯುವುದು ಹೇಗೆ?

ಮೊದಲ ಮೂರು ಸಲ ಬೇರೆಯಾಗಿ, ತಣ್ಣೀರಿನಲ್ಲಿ. ತಿರುವಿ, ನೆರಳಿನಲ್ಲಿ ಒಣಗಿಸಿ. ಅರಿಶಿನದ ಕಲೆ ಮಾತ್ರ ಬಿಸಿಲಿಗೇ ಹೋಗುತ್ತದೆ. ಅದಕ್ಕೆ ಸೋಪು ಹಚ್ಚಿ ಆ ಭಾಗವಷ್ಟೇ ಬಿಸಿಲಿಗೆ ಬರುವಂತೆ ಹರಡಿ. ಮನೆಯ ಬಟ್ಟೆಗೆ ಗಂಜಿ ಹಾಕಬೇಡಿ, ಬಗಲಿನಲ್ಲಿ ಉಜ್ಜುತ್ತದೆ.

ಕೊಡಿಸಿದ್ದನ್ನೆಲ್ಲ ಅಮ್ಮ 'ಇರಲಿ' ಎಂದು ಎತ್ತಿಡುತ್ತಾರೆ. ತೊಡುವಂತೆ ಮಾಡುವುದು ಹೇಗೆ?

ಹೊಸತಾಗಿ ಕಂಡದ್ದನ್ನು ನಮ್ಮ ತಾಯಂದಿರು ಎತ್ತಿಡುತ್ತಾರೆ. ಆದ್ದರಿಂದ ಹೊಸತಾಗಿ ಕಾಣದಂತೆ ಕೊಡಿ. ಚೀಟಿ ಕಿತ್ತು, ಎರಡು ಸಲ ಒಗೆದು, ಇಸ್ತ್ರಿ ಮಾಡದೆ ಬಚ್ಚಲಿನ ಗೂಟಕ್ಕೆ ಹಾಕಿ. ಸ್ನಾನ ಮುಗಿಸಿ ಕೈಚಾಚಿದಾಗ ಅದೇ ಸಿಗಬೇಕು. ಬಣ್ಣ ಅವರನ್ನೇ ಕೇಳಿ ಆರಿಸಿ, ನೀವಾಗಿ 'ವಯಸ್ಸಿಗೆ ತಕ್ಕ' ಬೂದುಬಣ್ಣ ತರಬೇಡಿ.

ಅವ್ವನಿಗೆ ನಾನು ನಾಲ್ಕು ಹೊಲಿದೆ. ಹಳೆಯವನ್ನು ಒರೆಸುವ ಅರಿವೆ ಮಾಡಲೇ ಎಂದು ಅವಳನ್ನೇ ಕೇಳಿದೆ. ಎರಡಕ್ಕೆ ಒಪ್ಪಿದಳು. ಕಾಲೇಜಿನ ದಿನಗಳ ನನ್ನ ನೈಟಿಯನ್ನು ಅರಿವೆ ಮಾಡಲು ಬಿಡಲಿಲ್ಲ, ಅದರಿಂದ ಎರಡು ದಿಂಬಿನ ಚೀಲ ಮಾಡಿಕೊಟ್ಟೆ, ಈಗ ಅದರ ಮೇಲೇ ಮಲಗುತ್ತಾಳೆ. ಹೊಸ ನೈಟಿಯ ಜೇಬಿನಲ್ಲಿ ಮೊಬೈಲ್, ಕನ್ನಡಕದ ಡಬ್ಬಿ, ಕಾಗದದಲ್ಲಿ ಸುತ್ತಿದ ನಾಲ್ಕು ಲವಂಗ ಇರುತ್ತವೆ. ನಿಮ್ಮ ಅಮ್ಮನ ನೈಟಿಗೂ ಜೇಬು ಹಾಕಿಸಿದರೆ, ಒಗೆಯಲು ನೆನೆಹಾಕುವ ಮೊದಲು ಕೈ ಹಾಕಿ ನೋಡುವುದನ್ನು ಮರೆಯಬೇಡಿ.